ಪೈಪ್ ಹಿಡಿಯುವ ಹಾಗಿಲ್ಲ, ವಾರಕ್ಕೆ ಎರಡೇ ದಿನ ನೀರು: ಯಾವ ಗಿಡ ಉಳಿಸಲಿ, ಯಾವುದು ಬಿಡಲಿ?

ಕೈತೋಟಿಗ
ಬೇಸಿಗೆಯ ನಿರ್ಬಂಧ ಶುರುವಾಗಿದೆ. ಪೈಪ್, ಸ್ಪ್ರಿಂಕ್ಲರ್ ಎರಡೂ ಬಂದ್. ಗಿಡಗಳಿಗೆ ವಾರಕ್ಕೆ ಎರಡು ದಿನ, ಬೆಳಗ್ಗೆ 8ರ ಒಳಗೆ ಅಥವಾ ಸಂಜೆ 6ರ ಮೇಲೆ, ಬಕೆಟ್ ಅಥವಾ ಕ್ಯಾನ್‌ನಲ್ಲಿ ಹಾಕಬಹುದು. ಡ್ರಿಪ್‌ಗೆ (ಹನಿ ನೀರಾವರಿಗೆ) ಮಾತ್ರ ವಿನಾಯಿತಿ. ಕಾರು ತೊಳೆಯುವುದು, ಅಂಗಳಕ್ಕೆ ನೀರು ಹೊಡೆಯುವುದು ಪೂರ್ತಿ ನಿಷೇಧ.

ಮನೆ ಮುಂದೆ ಸುಮಾರು 20 ಚದರ ಮೀಟರ್ ಲಾನ್ ಇದೆ. ಪಕ್ಕದಲ್ಲಿ ಟೊಮೇಟೊ, ಬದನೆ, ಮೆಣಸಿನಕಾಯಿ ಪಾತಿ. ತಾರಸಿ ಮೇಲೆ ಕುಂಡಗಳು. ಹೋದ ಮಳೆಗಾಲದಲ್ಲಿ ನೆಟ್ಟ ಎರಡು ನಿಂಬೆ ಸಸಿ. ಎಲ್ಲವನ್ನೂ ಬಕೆಟ್‌ನಲ್ಲಿ ಸಾಕುವುದು ಆಗದ ಮಾತು. ಯಾವುದಕ್ಕೆ ಮೊದಲು ನೀರು ಕೊಡಬೇಕು?

ಇನ್ನೊಂದು ಪ್ರಶ್ನೆ. ಮನೆಯೊಳಗೆ ಎಷ್ಟು ಹೊತ್ತು ಷವರ್ ಬಿಟ್ಟರೂ ಯಾರೂ ಕೇಳುವುದಿಲ್ಲ. ತೋಟದ ಮೇಲೆ ಮಾತ್ರ ಯಾಕೆ ಈ ಕಣ್ಣು?

ತಾರಸಿತೋಟ
ಲಾನ್ ಬಿಡಿ. ಯೋಚನೆಯೇ ಬೇಡ.

ಬೇರುಬಿಳಲು
ಒಪ್ಪುತ್ತೇನೆ. ಬಿಸಿಲು ಜೋರಾಗಿದ್ದಾಗ ಹುಲ್ಲುಹಾಸಿನಿಂದ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಆವಿಯಾಗಿ ಹೋಗುತ್ತದೆ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಅಂದರೆ 1 ಲೀಟರ್. ನಿಮ್ಮ 20 ಚದರ ಮೀಟರಿಗೆ ದಿನಕ್ಕೆ 100 ಲೀಟರ್ ಆಯಿತು. ಬರೀ ಹಸಿರಾಗಿ ಕಾಣಲಿ ಅಂತ ಅಷ್ಟು ನೀರು.

ಹುಲ್ಲು ಕಂದು ಬಣ್ಣಕ್ಕೆ ತಿರುಗಿದ ಮಾತ್ರಕ್ಕೆ ಸತ್ತಿತು ಅಂತಲ್ಲ. ಎಲೆ ಒಣಗಿಸಿಕೊಂಡು ಬುಡದಲ್ಲಿ ಜೀವ ಹಿಡಿದುಕೊಂಡು ಕೂರುತ್ತದೆ. ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಒಂದು ಬುಡ ಕಿತ್ತು ನೋಡಿ. ಮಣ್ಣಿಗೆ ತಾಗಿದ ಜಾಗದಲ್ಲಿ ಬೆಳ್ಳಗೆ, ಗಟ್ಟಿಯಾಗಿ ಇದ್ದರೆ ಬದುಕಿದೆ. ಅಲ್ಲೂ ಒಣಗಿ ಪುಡಿಯಾದರೆ ಮಾತ್ರ ಹೋಯಿತು. ಈಗ ಕತ್ತರಿಸಲು ಹೋಗಬೇಡಿ. ಕತ್ತರಿಸಲೇಬೇಕಾದರೆ ಎತ್ತರ ಬಿಟ್ಟು ಕತ್ತರಿಸಿ, ಹುಲ್ಲಿನ ನೆರಳೇ ಮಣ್ಣನ್ನು ಕಾಯುತ್ತದೆ. ಗೊಬ್ಬರ ಬೇಡವೇ ಬೇಡ. ಓಡಾಟವನ್ನೂ ಕಡಿಮೆ ಮಾಡಿ.

ಹಸಿರಂಗಳ
ಲಾನ್ ಅಂದ ಕೂಡಲೇ ಎಲ್ಲರೂ ಮೈಮೇಲೆ ಬೀಳುತ್ತೀರಿ. ಹುಲ್ಲು ಇದ್ದರೆ ಅಂಗಳ ತಂಪಾಗಿರುತ್ತದೆ, ಧೂಳು ಏಳುವುದಿಲ್ಲ. ಮಕ್ಕಳು ಬಿದ್ದರೂ ಪೆಟ್ಟಾಗುವುದಿಲ್ಲ. ಎಲ್ಲ ಕಿತ್ತು ಸಿಮೆಂಟ್ ಹಾಕಿದರೆ ಬಿಸಿ ಇನ್ನೂ ಜಾಸ್ತಿ ಆಗುತ್ತದೆ. ಬಿದ್ದ ಮಳೆ ಇಂಗುವುದೂ ಇಲ್ಲ.

ಬೇರುಬಿಳಲು
ಸಿಮೆಂಟ್ ಹಾಕಿ ಅಂತ ಯಾರು ಹೇಳಿದರು? ಒಂದು ಬೇಸಿಗೆ ಒಣಗಲು ಬಿಡಿ ಅಂದೆ, ಅಷ್ಟೇ. ಸಿಮೆಂಟ್ ವಿಷಯದಲ್ಲಿ ನಿಮ್ಮ ಮಾತು ಸರಿ.

ನಲ್ಲಿರಿಪೇರಿ
ಗಿಡದ ಪಟ್ಟಿ ಆಮೇಲೆ ಮಾಡಿ. ಮೊದಲು ಮನೆಯಲ್ಲಿ ನೀರು ಎಲ್ಲಿ ಹೋಗುತ್ತಿದೆ ಅಂತ ನೋಡಿ. ನಾನು ಪ್ಲಂಬಿಂಗ್ ಕೆಲಸ ಮಾಡುವವನು. ತೋಟಕ್ಕೆ ನೀರಿಲ್ಲ ಅನ್ನುವ ಮನೆಗಳ ಬಚ್ಚಲಲ್ಲಿ ದಿನವಿಡೀ ನೀರು ಹರಿದು ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಮಲಗುವ ಮುಂಚೆ ಎಲ್ಲ ನಲ್ಲಿ ಬಂದ್ ಮಾಡಿ ಮೀಟರ್ ರೀಡಿಂಗ್ ಬರೆದುಕೊಳ್ಳಿ. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಮತ್ತೆ ನೋಡಿ. ರಾತ್ರಿ ಯಾರೂ ಫ್ಲಶ್ ಮಾಡಿರಬಾರದು. ಮೀಟರ್‌ಗೂ ಮನೆಗೂ ನಡುವೆ ಸಂಪು ಇದ್ದರೆ ಈ ಪರೀಕ್ಷೆ ಮನೆಯೊಳಗಿನ ಸೋರಿಕೆ ತೋರಿಸುವುದಿಲ್ಲ. ಅಂಥ ಕಡೆ ಮೇಲಿನ ಟ್ಯಾಂಕ್ ತುಂಬಿಸಿ, ಪಂಪ್ ಆಫ್ ಮಾಡಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ಸುಮಾರು 20 ಲೀಟರ್ ಹೋಗುತ್ತದೆ. ಎಷ್ಟೋ ಸಲ ಬರೀ ವಾಷರ್ ಸವೆದಿರುತ್ತದೆ. ಫ್ಲಶ್ ಟ್ಯಾಂಕ್ ಇನ್ನೂ ಮೋಸದ್ದು, ಸದ್ದೇ ಇರುವುದಿಲ್ಲ. ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ 15 ನಿಮಿಷ ಬಿಡಿ. ಫ್ಲಶ್ ಮಾಡದೆಯೇ ಕಮೋಡ್‌ನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಮುಚ್ಚಳ ಹೋಗಿದೆ ಅಂತ ಅರ್ಥ.

ನೇರಮಾತು
ಹೌದೌದು, ನಮ್ಮ ಮನೆಯ ಹನಿ ಲೆಕ್ಕ ಹಾಕೋಣ. ನಮ್ಮ ಬೀದಿಯಲ್ಲಿ ಮುಖ್ಯ ಪೈಪ್ ಒಡೆದು ರಸ್ತೆ ತುಂಬ ನೀರು ಹರಿಯುತ್ತಿದೆ. ದೂರು ಕೊಟ್ಟು ಸಾಕಾಯಿತು. ಅದನ್ನು ಸರಿ ಮಾಡದೆ ನನ್ನ ಗುಲಾಬಿ ಗಿಡಕ್ಕೆ ಯಾವಾಗ ನೀರು ಹಾಕಬೇಕು ಅಂತ ಹೇಳಲು ಇವರಿಗೆ ಯಾವ ಹಕ್ಕು?

ತಾರಸಿತೋಟ
+1. ನಮ್ಮಲ್ಲೂ ಅದೇ ಕಥೆ.

ಲೆಕ್ಕದಪುಸ್ತಕ
ನಿಮ್ಮ ಸಿಟ್ಟು ನ್ಯಾಯವಾದದ್ದೇ. ಪೈಪ್ ರಿಪೇರಿ ಮಾಡದೆ ಜನರ ಮೇಲೆ ನಿಯಮ ಹೇರಿದರೆ ಯಾರೂ ಮನಸ್ಸಿಟ್ಟು ಪಾಲಿಸುವುದಿಲ್ಲ. ಆದರೆ ತೋಟಕ್ಕೇ ಯಾಕೆ ನಿರ್ಬಂಧ ಅನ್ನುವುದಕ್ಕೆ ಕಾರಣ ಇದೆ.

ಮನೆಯೊಳಗಿನ ಬಳಕೆ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಹೊರಗಿನ ಬಳಕೆ ಬೇಸಿಗೆಯಲ್ಲೇ ಏರುತ್ತದೆ, ಅದೂ ಜಲಾಶಯ ಇಳಿಯುತ್ತಿರುವ ಹೊತ್ತಿನಲ್ಲೇ. ಜೊತೆಗೆ ಎಲ್ಲರೂ ಬೆಳಗ್ಗೆ, ಸಂಜೆ ಒಟ್ಟಿಗೆ ಪೈಪ್ ಬಿಡುತ್ತಾರೆ. ಆಗ ಪೈಪ್‌ಗಳಲ್ಲಿ ನೀರಿನ ಒತ್ತಡ ಕುಸಿಯುತ್ತದೆ. ಎತ್ತರದ ಜಾಗದಲ್ಲಿರುವ ಮನೆಗಳಿಗೆ ಕುಡಿಯಲೂ ನೀರು ಏರುವುದಿಲ್ಲ. ಇನ್ನೊಂದು ಮುಖ್ಯವಾದ ವ್ಯತ್ಯಾಸ ಇದೆ. ಸ್ನಾನದ ನೀರು, ಪಾತ್ರೆ ತೊಳೆದ ನೀರು ಚರಂಡಿಗೆ ಹೋಗುತ್ತದೆ. ಅದನ್ನು ಶುದ್ಧ ಮಾಡಿ ಮತ್ತೆ ಬಳಸಬಹುದು. ಲಾನ್ ಮೇಲಿಂದ ಆವಿಯಾಗಿ ಹೋದದ್ದು ಮಾತ್ರ ನಮ್ಮ ಕೈಗೆ ಮತ್ತೆ ಸಿಗುವುದಿಲ್ಲ.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2018ರ ಫೆಬ್ರುವರಿಯಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದ್ದರು. ಸ್ನಾನ, ಅಡುಗೆ, ಬಟ್ಟೆ, ಫ್ಲಶ್ ಎಲ್ಲ ಸೇರಿ ಅಷ್ಟೇ. ನಲ್ಲಿಗಳನ್ನು ಬಂದ್ ಮಾಡುವ ದಿನಕ್ಕೆ 'ಡೇ ಜೀರೋ' ಅಂತ ಹೆಸರಿಟ್ಟು ಊರೆಲ್ಲ ಕಾದಿತ್ತು. ಆ ದಿನ ಬರಲಿಲ್ಲ. ಬರಕ್ಕೆ ಮುಂಚೆ ಇದ್ದ ಬಳಕೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಜನ ಕೈ ಬಿಗಿ ಹಿಡಿದದ್ದು ಒಂದು ಕಾರಣ. ಪೈಪ್‌ಗಳಲ್ಲಿ ಒತ್ತಡ ತಗ್ಗಿಸಿ ಸೋರಿಕೆ ಕಡಿಮೆ ಮಾಡಿದ್ದೂ ಒಂದು ಕಾರಣ. ಎರಡೂ ಬೇಕಾಯಿತು. ಹಾಗಾಗಿ ಬೀದಿಯ ಪೈಪ್ ಬಗ್ಗೆ ಜಗಳ ಬಿಡಬೇಡಿ, ಆದರೆ ಅದೇ ನೆಪದಲ್ಲಿ ಪೈಪ್ ಹಿಡಿಯಲೂಬೇಡಿ.

ನೇರಮಾತು
ಚರಂಡಿ ನೀರು ಶುದ್ಧ ಮಾಡಿ ಬಳಸುವ ಕಡೆ ಈ ಮಾತು ಸರಿ. ಹಾಗೇ ಹೊಳೆಗೆ ಬಿಡುವ ಕಡೆ?

ಲೆಕ್ಕದಪುಸ್ತಕ
ಅಲ್ಲಿ ಆ ಕಾರಣಕ್ಕೆ ಬಲ ಕಡಿಮೆ, ಒಪ್ಪಿದೆ. ಬೇಸಿಗೆಯ ಏರಿಕೆಯ ಮಾತು ಅಲ್ಲೂ ಅನ್ವಯಿಸುತ್ತದೆ.

ಮಣ್ಣುಹುಳ
'ವಾರಕ್ಕೆ ಎರಡು ದಿನ' ನಿಯಮದಲ್ಲಿ ಒಂದು ತೊಂದರೆ ಇದೆ. ಇವತ್ತು ನಮ್ಮ ಸರದಿ, ಬಿಟ್ಟರೆ ಸಿಗುವುದಿಲ್ಲ ಅಂತ ಬೇಡದಿದ್ದರೂ ಸುರಿಯುವವರು ಜಾಸ್ತಿ. ದಯವಿಟ್ಟು ಬೆರಳು ಹಾಕಿ ನೋಡಿ. ಎರಡು ಗೆಣ್ಣು ಆಳಕ್ಕೆ ಮಣ್ಣು ತಣ್ಣಗೆ, ಬೆರಳಿಗೆ ಅಂಟುವ ಹಾಗಿದ್ದರೆ ಅವತ್ತು ನೀರು ಬೇಡ. ಸರದಿ ಬಿಟ್ಟರೆ ಏನೂ ಆಗುವುದಿಲ್ಲ.

ತರಕಾರಿ ಪಾತಿಗೆ ದಿನಾ ಒಂದು ಚೊಂಬು ಚಿಮುಕಿಸುವುದಕ್ಕಿಂತ ವಾರಕ್ಕೆ ಎರಡು ಸಲ ಆಳಕ್ಕೆ ಇಳಿಯುವಂತೆ ಹಾಕುವುದು ವಾಸಿ. ಚಿಮುಕಿಸಿದರೆ ಬೇರು ಮೇಲೇ ಹರಡುತ್ತದೆ, ಬಿಸಿಲಿಗೆ ಅದೇ ಮೊದಲು ಸುಡುತ್ತದೆ. ಟೊಮೇಟೊಗೆ ಹೂ ಬಿಡುವಾಗ, ಕಾಯಿ ಕಚ್ಚುವಾಗ ನೀರು ತಪ್ಪಿಸಬೇಡಿ. ಒಮ್ಮೆ ಪೂರ್ತಿ ಒಣಗಿಸಿ ಒಮ್ಮೆ ಸುರಿದರೆ ಕಾಯಿ ಸೀಳುತ್ತದೆ, ಕಾಯಿಯ ತುದಿ ಕಪ್ಪಾಗಿ ಕೊಳೆಯುವುದೂ ಉಂಟು.

ಮತ್ತೆ ಮುಚ್ಚಿಗೆ. ಒಣ ಎಲೆ, ಹುಲ್ಲು, ಏನಿದೆಯೋ ಅದು. 5ರಿಂದ 8 ಸೆಂಟಿಮೀಟರ್ ದಪ್ಪ. ಬಿಸಿಲು ನೆತ್ತಿಗೆ ಬಂದಾಗ ನಮ್ಮ ಬದನೆ ಪಾತಿಯ ಎಲೆ ಸರಿಸಿ ನೋಡಿದರೆ ಕೆಳಗಿನ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಒದ್ದೆಯಾಗಿರುತ್ತವೆ, ಎರೆಹುಳ ಮೇಲೇ ಸಿಗುತ್ತದೆ. ಒಂದು ಗೇಣು ಪಕ್ಕದ ಬರಿ ನೆಲ ಬಿರುಕು ಬಿಟ್ಟಿರುತ್ತದೆ. ಎರಡಕ್ಕೂ ಹಾಕಿದ್ದು ಒಂದೇ ನೀರು.

ಬೇರುಬಿಳಲು
ಒಂದು ತಿದ್ದುಪಡಿ. ಮುಚ್ಚಿಗೆಯನ್ನು ಕಾಂಡಕ್ಕೆ ತಾಗಿಸಬೇಡಿ. ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ಮುಚ್ಚಿಗೆ ಹಾಕುವ ಮುಂಚೆ ಮಣ್ಣು ನೆನೆಸಿರಬೇಕು. ಒಣ ಮಣ್ಣಿನ ಮೇಲೆ ಹಾಕಿದರೆ ನೀವು ಹಾಕಿದ ಸ್ವಲ್ಪ ನೀರನ್ನು ಎಲೆಯೇ ಕುಡಿದುಬಿಡುತ್ತದೆ.

ಹನಿಹನಿ
ಡ್ರಿಪ್‌ಗೆ ವಿನಾಯಿತಿ ಇದೆ ಅಂದಿರಲ್ಲ, ಅದನ್ನು ಬಳಸಿಕೊಳ್ಳಿ. ಒಂದು ಡ್ರಿಪ್ಪರ್‌ನಿಂದ ಗಂಟೆಗೆ 2 ಅಥವಾ 4 ಲೀಟರ್ ಬೀಳುತ್ತದೆ. ಪೈಪ್ ಹಿಡಿದರೆ ನಿಮಿಷಕ್ಕೇ 15-20 ಲೀಟರ್ ಹೋಗುತ್ತದೆ. ನಿಮ್ಮದು ಎಷ್ಟು ಅಂತ ತಿಳಿಯಬೇಕಾದರೆ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ.

ಮನೆಯ ಸಾಮಾನ್ಯ ಡ್ರಿಪ್ಪರ್‌ಗೆ ಫಿಲ್ಟರ್ ಇಲ್ಲದೆ ನೀರು ಬಿಡಬೇಡಿ. ಗಡಸು ನೀರಾದರೆ ಸುಣ್ಣ ಕಟ್ಟಿ ತೂತು ಮುಚ್ಚಿಹೋಗುತ್ತದೆ. ಪೈಪಿನ ಕೊನೆ ಬಿಚ್ಚಿ ಆಗಾಗ ಕಸ ಹೊರಗೆ ಬಿಡಬೇಕು.

ಕೈತೋಟಿಗ
ಪಾತಿ ಚಿಕ್ಕದು. ಅದಕ್ಕೆ ಡ್ರಿಪ್ ಅಂದರೆ ಅತಿಯಾಯಿತು ಅನಿಸುತ್ತದೆ. ಬಾಟಲಿಗೆ ತೂತು ಮಾಡಿ ನೆಡುತ್ತಾರಲ್ಲ, ಅದು ನಡೆಯುತ್ತದಾ?

ಹನಿಹನಿ
ನಡೆಯುತ್ತದೆ, ಆದರೆ ತೂತು ಹೆಚ್ಚು ಕಡಿಮೆಯಾದರೆ ಒಂದೇ ಗಂಟೆಯಲ್ಲಿ ಖಾಲಿ. ಮಣ್ಣಿನ ಮಡಕೆ ಹೂಳುವುದು ಒಳ್ಳೆಯದು. ಬಣ್ಣ, ಪಾಲಿಶ್ ಇಲ್ಲದ ಮಡಕೆ ಆಗಬೇಕು. ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿ. ಸುತ್ತಲಿನ ಮಣ್ಣು ಒಣಗಿದಾಗ ನೀರು ಜಾಸ್ತಿ ಜಿನುಗುತ್ತದೆ, ಒದ್ದೆಯಿದ್ದಾಗ ಕಡಿಮೆ. ಬೇರುಗಳು ಬಂದು ಮಡಕೆಯನ್ನೇ ಸುತ್ತಿಕೊಳ್ಳುತ್ತವೆ. ಮೇಲ್ಮಣ್ಣು ಒಣಗಿಯೇ ಇರುವುದರಿಂದ ಕಳೆಯೂ ಕಡಿಮೆ.

ಹಸಿರಂಗಳ
ಸ್ನಾನದ ನೀರು, ಬಟ್ಟೆ ಒಗೆದ ನೀರು ಗಿಡಕ್ಕೆ ಹಾಕಿದರೆ ನಿರ್ಬಂಧದ ಪ್ರಶ್ನೆಯೇ ಬರುವುದಿಲ್ಲ ಅಲ್ವಾ? ನಾವು ಮೆಷಿನ್ ನೀರನ್ನು ಡ್ರಮ್‌ನಲ್ಲಿ ಹಿಡಿದು ಎಲ್ಲಕ್ಕೂ ಹಾಕುತ್ತೇವೆ. ಗಿಡಗಳು ಚೆನ್ನಾಗಿಯೇ ಇವೆ.

ಮಣ್ಣುಹುಳ
ಎಲ್ಲಕ್ಕೂ ಹಾಕಬೇಡಿ! ಬಟ್ಟೆ ಪುಡಿಯಲ್ಲಿ ಸೋಡಿಯಂ ಇರುತ್ತದೆ, ಕೆಲವದರಲ್ಲಿ ಬೋರಾನ್ ಕೂಡ. ಈ ವರ್ಷ ಗಿಡ ಚೆನ್ನಾಗಿಯೇ ಕಾಣಬಹುದು. ಜೇಡಿ ಮಣ್ಣಾದರೆ ಹೋಗ್ತಾ ಹೋಗ್ತಾ ಮಣ್ಣಿನ ಕಣಗಳು ಬಿಡಿಸಿಕೊಂಡು ಮೇಲೆ ಗಟ್ಟಿ ಪದರ ಕಟ್ಟುತ್ತದೆ, ನೀರು ಒಳಗೆ ಇಳಿಯುವುದೇ ಇಲ್ಲ. ಎಲೆಯ ಅಂಚು ಸುಟ್ಟ ಹಾಗೆ ಕಂದಾದರೆ ಉಪ್ಪು ಜಾಸ್ತಿಯಾಗಿರಬಹುದು. ಮೊದಲ ಸುತ್ತಿನ ಸೋಪು ನೀರು ಬಿಡಿ, ಕೊನೆಯ ಸುತ್ತಿನದು ಮಾತ್ರ ಹಿಡಿಯಿರಿ. ಬ್ಲೀಚ್ ಹಾಕಿದ ದಿನ ಪೂರ್ತಿ ಬೇಡ.

ಡ್ರಮ್‌ನಲ್ಲಿ ಹಿಡಿದು ಇಡುವುದೂ ತಪ್ಪು. ಬಳಸಿದ ನೀರನ್ನು 24 ಗಂಟೆಗಿಂತ ಹೆಚ್ಚು ಇಡಬಾರದು, ಕೊಳೆತು ನಾರುತ್ತದೆ, ರೋಗಾಣು ಬೆಳೆಯುತ್ತವೆ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್‌ಗೆ ಹಾಕಲೇಬೇಡಿ. ದಾಸವಾಳ, ದೊಡ್ಡ ಮರಗಳಿಗೆ ಆಗುತ್ತದೆ. ಅಲ್ಲೂ ಬುಡದ ಮಣ್ಣಿಗೆ ಹಾಕಿ, ಎಲೆ ಮೇಲೆ ಬೇಡ.

ಹಸಿರಂಗಳ
ಇಷ್ಟೆಲ್ಲ ಲೆಕ್ಕ ನೋಡಿದರೆ ಯಾರೂ ಏನೂ ಉಳಿಸುವುದಿಲ್ಲ. ಕೊನೆಯ ಸುತ್ತಿನದು ಹಿಡಿಯುವ ಮಾತು ಮಾತ್ರ ಮಾಡಿ ನೋಡುತ್ತೇನೆ.

ತಾರಸಿತೋಟ
ತರಕಾರಿ ತೊಳೆದ ನೀರಿಗೆ ಈ ಯಾವ ತಾಪತ್ರಯವೂ ಇಲ್ಲ. ನಲ್ಲಿ ಕೆಳಗೆ ಹಿಡಿದು ತೊಳೆಯುವ ಬದಲು ಬೋಗುಣಿಯಲ್ಲಿ ತೊಳೆದರೆ ಕುಂಡಗಳಿಗೆ ಅದೇ ಸಿಗುತ್ತದೆ. ಎಸಿಯಿಂದ ಬೀಳುವ ನೀರೂ ಕುಂಡಕ್ಕೆ ಆಗುತ್ತದೆ, ಅದರಲ್ಲಿ ಲವಣ ಇರುವುದಿಲ್ಲ. ಕುಡಿಯಲು ಮಾತ್ರ ಬೇಡ. ಆರ್‌ಓ ಫಿಲ್ಟರ್‌ನ ಹೊರಬರುವ ನೀರನ್ನೂ ಗಿಡಕ್ಕೆ ಹಾಕುತ್ತೇನೆ.

ಲೆಕ್ಕದಪುಸ್ತಕ
ಆರ್‌ಓ ನೀರು ಬೇರೆ ಥರ. ಒಳಗೆ ಹೋದ ನೀರಿನ ಲವಣವೆಲ್ಲ ಅದರಲ್ಲೇ ಸೇರಿರುತ್ತದೆ. ಕುಂಡದ ಮಣ್ಣು ಸ್ವಲ್ಪವೇ ಇರುವುದರಿಂದ ಲವಣ ಅಲ್ಲೇ ಉಳಿಯುತ್ತದೆ. ಕುಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಆ ನೀರು ನೆಲ ಒರೆಸಲು, ಫ್ಲಶ್‌ಗೆ ಸರಿ.

ತಾರಸಿತೋಟ
ಈಗಷ್ಟೇ ಮೇಲೆ ಹೋಗಿ ನೋಡಿದೆ. ಎರಡು ಕುಂಡದಲ್ಲಿ ಬಿಳಿ ಪದರ ಇದೆ. ಇನ್ನು ಅದು ಬಚ್ಚಲಿಗೆ.

ನೇರಮಾತು
ನಿರ್ಬಂಧ ಬಂದಾಗಿನಿಂದ ಬೀದಿಯಲ್ಲಿ ಎಲ್ಲರ ಮನೆ ಮುಂದೆ ಡ್ರಮ್. ಜೊತೆಗೆ ಸೊಳ್ಳೆ. ಇದನ್ನು ಯಾರೂ ಹೇಳುವುದಿಲ್ಲ.

ಬೇರುಬಿಳಲು
ಒಳ್ಳೆಯ ಮಾತು ಎತ್ತಿದಿರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಬೇಕು. ಬೇಸಿಗೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಮಾತ್ರ ಸಾಲದು. ಮೊಟ್ಟೆಗಳು ನೀರಿನ ಅಂಚಿನ ಮೇಲೆ ಡ್ರಮ್ಮಿನ ಗೋಡೆಗೆ ಅಂಟಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತುಂಬಿದಾಗ ಮರಿಯಾಗುತ್ತವೆ. ಬ್ರಷ್ ಹಾಕಿ ಒಳಗೋಡೆ ಉಜ್ಜಬೇಕು. ಮುಚ್ಚಳ ಬಿಗಿಯಾಗಿರಬೇಕು, ಇಲ್ಲವಾದರೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಹಕ್ಕಿಗಳಿಗೆ ಇಟ್ಟ ಬಟ್ಟಲಿಗೂ ಇದೇ ಮಾತು. ಇಡುವುದನ್ನು ಬಿಡಬೇಡಿ, ಆಗಾಗ ಉಜ್ಜಿ ತೊಳೆದು ನೀರು ಬದಲಿಸಿ.

ಮಳೆಕೊಯ್ಲು
ತಡವಾಗಿ ಬಂದೆ. ಇಷ್ಟು ಚರ್ಚೆಯಲ್ಲಿ ತಾರಸಿಯ ಮಳೆನೀರಿನ ಮಾತೇ ಬರಲಿಲ್ಲ! 100 ಚದರ ಮೀಟರ್ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್. ಸೋರಿಕೆ, ಆವಿ ಕಳೆದರೂ 800 ಲೀಟರಿಗೆ ಮೋಸವಿಲ್ಲ. ಬೇಸಿಗೆಯ ಮಧ್ಯೆ ಬರುವ ಒಂದೇ ಒಂದು ಅಡ್ಡಮಳೆ ಸಾಕು. ಮೊದಲ ಮಳೆಯ ಧೂಳು ನೀರನ್ನು ಹೊರಗೆ ಬಿಡಲು ಒಂದು ಕವಾಟ ಇಟ್ಟು, ಆಮೇಲಿನದನ್ನು ಹಿಡಿಯಿರಿ. ತಾರಸಿ ಗುಡಿಸುವ ಕೆಲಸ ಮಳೆಗೆ ಮುಂಚೆಯೇ ಆಗಬೇಕು.

ನೇರಮಾತು
ಎದುರು ಮನೆಯವರು ರಾತ್ರಿ ಹೊತ್ತು ಪೈಪ್ ಬಿಟ್ಟು ಕಾರು ತೊಳೆಯುತ್ತಾರೆ. ದೂರು ಕೊಡಲಾ?

ಮಳೆಕೊಯ್ಲು
ಮೊದಲು ಹೋಗಿ ಮಾತಾಡಿ. ಮಾತಾಡದೆ ದೂರು ಕೊಟ್ಟರೆ ಇಡೀ ಬೀದಿ ಎರಡು ಪಾಲಾಗುತ್ತದೆ.

ಲೆಕ್ಕದಪುಸ್ತಕ
ನಾನು ಒಪ್ಪುವುದಿಲ್ಲ. ನಿಯಮ ಎಲ್ಲರಿಗೂ ಒಂದೇ ಇರಬೇಕು. ಒಬ್ಬರು ಮುರಿದು ಏನೂ ಆಗದಿದ್ದರೆ ಬಕೆಟ್ ಹೊರುವ ಹತ್ತು ಜನರೂ ನಾಳೆ ಪೈಪ್ ಹಿಡಿಯುತ್ತಾರೆ. ಒಮ್ಮೆ ಮಾತಾಡಿ, ಕೇಳದಿದ್ದರೆ ಕೊಡಿ.

ಕೈತೋಟಿಗ
ನಲ್ಲಿರಿಪೇರಿ ಹೇಳಿದ್ದನ್ನು ಮಾಡಿದೆ. ರಾತ್ರಿಯೆಲ್ಲ ಮೀಟರ್ ಸಣ್ಣಗೆ ಓಡಿತ್ತು. ಫ್ಲಶ್ ಟ್ಯಾಂಕಿಗೆ ಬಣ್ಣ ಹಾಕಿದೆ, ಕಮೋಡ್‌ನಲ್ಲಿ ನೀಲಿ ಎಳೆ ಇಳಿಯುತ್ತಾ ಬಂತು. ರಬ್ಬರ್ ಮುಚ್ಚಳ ತೆಗೆದು ನೋಡಿದರೆ ಅಂಚು ಸೊಟ್ಟಗಾಗಿ, ಮುಟ್ಟಿದರೆ ಕೈಗೆ ಕಪ್ಪು ಅಂಟುತ್ತಿತ್ತು. ಬದಲಿಸಿದೆ. ಆದರೂ ನೀರು ಹೋಗುವ ಸಣ್ಣ ಸದ್ದು ನಿಂತಿಲ್ಲ.

ನಲ್ಲಿರಿಪೇರಿ
ಟ್ಯಾಂಕಿನ ಮಧ್ಯೆ ನೆಟ್ಟಗೆ ಒಂದು ಕೊಳವೆ ನಿಂತಿರುತ್ತದೆ ನೋಡಿ. ನೀರಿನ ಮಟ್ಟ ಅದರ ಬಾಯಿವರೆಗೆ ಬಂದಿದ್ದರೆ ಅದರೊಳಗೇ ಹರಿದು ಹೋಗುತ್ತಿದೆ. ಫ್ಲೋಟ್‌ನ ಸ್ಕ್ರೂ ತಿರುಗಿಸಿ ಮಟ್ಟವನ್ನು ಒಂದು ಇಂಚು ಕೆಳಗೆ ಇಳಿಸಿ. ಆಗಲೂ ನೀರು ಏರುತ್ತಲೇ ಇದ್ದರೆ ತುಂಬುವ ವಾಲ್ವ್ ಹೋಗಿದೆ, ಅದನ್ನೇ ಬದಲಿಸಬೇಕು. ಟ್ಯಾಂಕಿನೊಳಗೆ ಇಟ್ಟಿಗೆ ಮಾತ್ರ ಹಾಕಬೇಡಿ. ಅದು ಕರಗಿ ಮರಳು ಬಂದು ವಾಲ್ವ್ ಹಾಳಾಗುತ್ತದೆ. ಹಳೆಯ ದೊಡ್ಡ ಟ್ಯಾಂಕಾದರೆ ನೀರು ತುಂಬಿದ ಬಾಟಲಿ ಇಡಿ.

ಕೈತೋಟಿಗ
ಫ್ಲೋಟ್ ಇಳಿಸಿದೆ, ಸದ್ದು ನಿಂತಿತು. ಧನ್ಯವಾದ. ಈಗ ಯೋಚನೆ ಹೀಗಿದೆ: ಲಾನ್ ಬಿಡುತ್ತೇನೆ. ತರಕಾರಿಗೆ ಮುಚ್ಚಿಗೆ, ಎರಡು ಮಡಕೆ. ಕುಂಡಗಳನ್ನು ಗುಂಪು ಮಾಡಿ ನೆರಳಿಗೆ ಇಡುತ್ತೇನೆ. ನಿಂಬೆ ಸಸಿಗೆ ಎಷ್ಟು ನೀರು ಬೇಕು ಅಂತ ಯಾರೂ ಹೇಳಲಿಲ್ಲ.

ಬೇರುಬಿಳಲು
ಅವಕ್ಕೇ ಮೊದಲ ಪಾಲು. ಲಾನ್ ಮತ್ತೆ ಚಿಗುರುತ್ತದೆ, ಟೊಮೇಟೊ ಮುಂದಿನ ಬೆಳೆಗೆ ಬರುತ್ತದೆ. ಎಳೆ ಮರ ಸತ್ತರೆ ವರ್ಷಗಳ ಕೆಲಸ ಹೋಗುತ್ತದೆ. ಬುಡಕ್ಕೆ ಸುರಿಯಬೇಡಿ. ಕೊಂಬೆ ಹರಡಿರುವಷ್ಟು ಅಗಲಕ್ಕೆ ಮಣ್ಣಿನ ಏರಿ ಕಟ್ಟಿ ಪಾತಿ ಮಾಡಿ. ಒಂದೊಂದಕ್ಕೂ ವಾರಕ್ಕೆ 15-20 ಲೀಟರ್, ನಿಮ್ಮ ಎರಡು ದಿನಕ್ಕೆ ಹಂಚಿ, ನಿಧಾನವಾಗಿ. ಮರಳು ಮಣ್ಣಾದರೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಬೇಕಾಗುತ್ತದೆ, ಅದಕ್ಕೆ ತರಕಾರಿ ತೊಳೆದ ನೀರನ್ನು ಸೇರಿಸಿಕೊಳ್ಳಿ. ಎಲೆ ಮಧ್ಯಾಹ್ನ ಬಾಡಿದರೆ ಗಾಬರಿ ಬೇಡ. ಬೆಳಗ್ಗೆ ಎದ್ದಾಗಲೂ ಬಾಡಿಯೇ ಇದ್ದರೆ ಅವತ್ತೇ ನೀರು ಕೊಡಿ.

ಕೈತೋಟಿಗ
ಅದು ಸರದಿಯ ದಿನ ಅಲ್ಲದಿದ್ದರೆ?

ಲೆಕ್ಕದಪುಸ್ತಕ
ಬಳಸಿದ ನೀರಿಗೆ ಸಾಮಾನ್ಯವಾಗಿ ಸರದಿ ಅನ್ವಯಿಸುವುದಿಲ್ಲ, ನಿಮ್ಮ ಆದೇಶದಲ್ಲಿ ಒಮ್ಮೆ ಓದಿಕೊಳ್ಳಿ. ಷವರ್ ಬಿಸಿಯಾಗುವವರೆಗೆ ಬರುವ ತಣ್ಣೀರನ್ನು ಬಕೆಟ್‌ನಲ್ಲಿ ಹಿಡಿಯಿರಿ, ಅದರಲ್ಲಿ ಸೋಪಿಲ್ಲ. ನಿಮಿಷಕ್ಕೆ 8-10 ಲೀಟರ್ ಬರುವ ಷವರ್ ಆದರೆ ಒಂದು ನಿಮಿಷದಲ್ಲೇ ಒಂದು ಸಸಿಯ ಅರ್ಧ ವಾರದ ಪಾಲು ಸಿಗುತ್ತದೆ.